ಹುಸಿ ಬಾಣ

ಹಾರ್ಲನ್ ಎಂಟನೆಯ ಬಾಣದ ಮೇಲೆ ಕೆಂಪು ಪೆನ್ಸಿಲ್ ಆಡಿಸಿ, ಒಂಬತ್ತನೆಯದಕ್ಕೆ ಕೈ ಹಾಕಿದವನು ಹಾಗೇ ನಿಂತುಬಿಟ್ಟ. ಕನ್ನಡಕವನ್ನು ಹಣೆಗೇರಿಸಿ, ಮತ್ತೆ ಮೂಗಿಗಿಳಿಸಿ, ಊಟದ ಮೇಜಿನ ಮೇಲೆ ಬಗ್ಗಿ ನೋಡಿದ.

"ಓಡೆಟ್, ಬಾ ಇಲ್ಲಿ. ನಿಮ್ಮಪ್ಪ ಏನು ಮಾಡಿಟ್ಟಿದಾನೆ ನೋಡು."

ಓಡೆಟ್ ಒಲೆಯ ಮುಂದೆ ಪ್ಲಾಯ್ ಹುಯ್ಯುತ್ತಿದ್ದಳು. ಮಧ್ಯಾಹ್ನ ಮಣ್ಣು ಮುಗಿಸಿ ಬರುವ ನಲವತ್ತು ಜನಕ್ಕೆ ಕೋಳಿ ಸಾರು ಆಗಲೇ ಕುದಿಯುತ್ತಿತ್ತು. ಒಂದೇ ಮಗ್ಗುಲು ಬೇಯುವ ಈ ಹಳದಿ ದೋಸೆಗಳನ್ನು ಅರ್ಧಕ್ಕೆ ಬಿಟ್ಟು ಬರುವ ಹಾಗಿರಲಿಲ್ಲ.

"ತಾಳಿ ಮಾಮ. ಮೇಲೆ ತೂತು ಬೀಳಲಿ. ಸೀದರೆ ನೀವೇ ತಿನ್ನಬೇಕಾಗತ್ತೆ."

"ಸೀಯಲಿ ಬಿಡು. ಒಮೆರ್ ಸುತ್ತು ಹಾಕಿದಾನೆ!"

ಓಡೆಟ್ ಒಲೆ ಆರಿಸಿ ಬಂದಳು. ಆ ಮನೆಯಲ್ಲಿ ಸುತ್ತು ಎನ್ನುವುದು ಬೈಗುಳಕ್ಕಿಂತ ಕೆಟ್ಟ ಮಾತು.

ಒಮೆರ್ ಲಪ್ಲಾಂತ್ ತನ್ನ ಅಂತ್ಯಕ್ರಿಯೆಯನ್ನು ತಾನೇ ಯೋಜಿಸಿಟ್ಟು ಸತ್ತಿದ್ದ. ಸೇಂಟ್ ಬ್ರೂನೊ ಊರಿನಲ್ಲಿ ಇದು ಯಾರಿಗೂ ಆಶ್ಚರ್ಯವೆನಿಸಲಿಲ್ಲ. ಅವನು ಮೂವತ್ತೊಂದು ವರ್ಷ ಕಾಗದದ ಗಿರಣಿಯ ಯೋಜನಾ ಕೋಣೆಯಲ್ಲಿ ಕೂತು, ವರ್ಷಕ್ಕೊಮ್ಮೆ ಗಿರಣಿ ನಿಲ್ಲಿಸಿ ಮಾಡುವ ದೊಡ್ಡ ರಿಪೇರಿಗೆ ನಕ್ಷೆ ಬರೆದವನು. ಯಾವುದು ಮುಗಿದ ಮೇಲೆ ಯಾವುದು, ಯಾವುದಕ್ಕೆ ಎಷ್ಟು ಗಂಟೆ, ಎಲ್ಲವೂ ವೃತ್ತ ಮತ್ತು ಬಾಣಗಳಲ್ಲಿ. ಮನೆಯ ಕ್ರಿಸ್‌ಮಸ್ ಊಟಕ್ಕೂ ಓಡೆಟ್‌ಳ ಮದುವೆಗೂ ನಕ್ಷೆ ಮಾಡಿದ್ದ. ಮದುವೆ ಮುರಿದದ್ದೊಂದು ಮಾತ್ರ ನಕ್ಷೆಯಲ್ಲಿರಲಿಲ್ಲ ಎಂದು ಊರಿನವರು ನಗುತ್ತಿದ್ದರು.

ಫೆಬ್ರವರಿಯಲ್ಲಿ ಅವನು ತೀರಿಕೊಂಡಾಗ ಹಾಳೆಯ ಎಡಗಡೆಯದೆಲ್ಲ ನಡೆದುಹೋಗಿತ್ತು. ಪಾದ್ರಿಗೆ ಹೇಳಿಕಳಿಸುವುದು, ಪೆಟ್ಟಿಗೆ, ಚರ್ಚಿನ ಪ್ರಾರ್ಥನೆ, ಆಮೇಲೆ ಸ್ಮಶಾನದ ಕಲ್ಲುಮನೆಯಲ್ಲಿ ಪೆಟ್ಟಿಗೆ ಇಡುವುದು. ಚಳಿಗಾಲದಲ್ಲಿ ಈ ನೆಲಕ್ಕೆ ಗುದ್ದಲಿ ಇಳಿಯುವುದಿಲ್ಲ. ಸತ್ತವರು ಬಿಸಿಲಿಗೆ ಕಾಯಬೇಕು. ಅಲ್ಲಿಂದ ಮುಂದೆ ಮೊಳದುದ್ದದ ಒಂದು ಬಾಣ: ನೆಲ ಕರಗುವುದು, ಎಂಬತ್ತು ದಿನ. ಕರಗಿದ್ದು ಎಂಬತ್ತಮೂರಕ್ಕೆ. ಒಮೆರ್ ಇದ್ದಿದ್ದರೆ ನೆಲವನ್ನೇ ಕರೆದು ಬೈಯುತ್ತಿದ್ದ.

ಅವನ ಜೊತೆ ಅದೇ ಕೋಣೆಯಲ್ಲಿ ಇಪ್ಪತ್ತು ವರ್ಷ ಕೂತಿದ್ದ ಹಾರ್ಲನ್ ಇವತ್ತು, ಮೇ ತಿಂಗಳ ಈ ಶನಿವಾರ, ಉಳಿದ ಬಾಣಗಳನ್ನು ಮುಗಿಸಿಕೊಡಲು ಬಂದಿದ್ದ. ಮುಗಿದ ಕೆಲಸದ ಬಾಣವನ್ನು ಕೆಂಪು ಮಾಡುವುದು ಗಿರಣಿಯ ಪದ್ಧತಿ. ಎರಡು ಗಂಟೆಗೆ ಮಣ್ಣು. ಗಡಿಯಾರ ಹನ್ನೊಂದು ತೋರಿಸುತ್ತಿತ್ತು.

"ಇಲ್ಲಿ ನೋಡು," ಹಾರ್ಲನ್ ಬೆರಳಿಟ್ಟ. "ಈ ವೃತ್ತ, 'ಕ್ಲೋವಿಸ್ ಬರುವುದು'. ಇಲ್ಲಿಂದ ಬಾಣ ಈ ವೃತ್ತಕ್ಕೆ, 'ತಗಡಿನ ಕೊಳವೆ ಕ್ಲೋವಿಸ್ ಕೈಗೆ'. ಸರಿ. ಅವನು ಬಂದ್ರೆ ತಾನೇ ಕೈಗೆ ಕೊಡೋದು? ಆದರೆ ಇಲ್ಲಿಂದ ಇನ್ನೊಂದು ಬಾಣ ವಾಪಸ್ ಮೊದಲನೇದಕ್ಕೇ ಹೋಗತ್ತೆ. ಕೊಳವೆ ಕೈಗೆ ಸಿಕ್ಕದೆ ಅವನು ಬರಲ್ಲ. ಅವನು ಬರದೆ ಕೊಳವೆ ಸಿಕ್ಕಲ್ಲ. ಸುತ್ತು! ಎರಡೂ ಕೆಲಸ ಯಾವತ್ತೂ ಶುರುವಾಗಲ್ಲ. ಇಂಥದ್ದನ್ನ ಯಾರಾದ್ರೂ ಹೊಸಬರು ಬರೆದು ತಂದ್ರೆ ನಿಮ್ಮಪ್ಪ ಏನು ಮಾಡ್ತಿದ್ದ ಗೊತ್ತಾ? ಹಾಳೆ ಕೈಗೆ ಕೊಟ್ಟು, ಇಡೀ ಗಿರಣೀನ ಒಂದು ಸುತ್ತು ಹಾಕಿಸಿ, ಆಮೇಲೆ ಒಳಗೆ ಬಿಡ್ತಿದ್ದ."

ಹಾರ್ಲನ್ ನಗುತ್ತಿದ್ದ. ಓಡೆಟ್ ನಗಲಿಲ್ಲ. ಅವಳ ಕಣ್ಣು ಕೊಳವೆಯ ವೃತ್ತದಿಂದ ಹೊರಟ ಇನ್ನೊಂದು ಗೆರೆಯ ಮೇಲಿತ್ತು. ಚುಕ್ಕೆ ಗೆರೆ. ಅದು ನೇರ ಹೋಗಿ 'ಪೆಟ್ಟಿಗೆ ಇಳಿಸುವುದು' ಎನ್ನುವ ವೃತ್ತವನ್ನು ಮುಟ್ಟುತ್ತಿತ್ತು.

"ಅಂದ್ರೆ ಚಿಕ್ಕಪ್ಪನಿಗೆ ಕೊಳವೆ ಕೊಡದೆ ಅಪ್ಪನ್ನ ಇಳಿಸೋ ಹಾಗಿಲ್ಲ."

"ಹಾಳೆ ಹಾಗೇ ಹೇಳತ್ತೆ."

"ಹಾಳೆ ಹೇಳಿದ್ದನ್ನೆಲ್ಲ ಕೇಳಬೇಕಾಗಿಲ್ಲ," ಎಂದಿತು ಬಾಗಿಲ ಕಡೆಯಿಂದ ಒಂದು ದನಿ. ಲುಸೀಲ್ ಕಪ್ಪು ಉಡುಪು ತೊಟ್ಟು, ಕೈಚೀಲವನ್ನು ಎದೆಗವಚಿಕೊಂಡು ನಿಂತಿದ್ದಳು. "ಅದನ್ನ ಬರೆಯೋವಾಗ ಅವರಿಗೆ ಜ್ವರ. ಕ್ಲೋವಿಸ್ ಬರಲ್ಲ. ಹತ್ತೊಂಬತ್ತು ವರ್ಷದಿಂದ ಬಂದಿಲ್ಲ, ಇವತ್ತು ಬರ್ತಾನಾ? ಆ ಗೆರೆ ಬಿಟ್ಟು ಮಿಕ್ಕಿದ್ದು ಮಾಡಿ ಮುಗಿಸಿ."

"ಕೊಳವೆ ಎಲ್ಲಿದೆ ಅಮ್ಮ?"

"ಯಾವ ಕೊಳವೆ?"

ಲುಸೀಲ್‌ಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ. ಕಣ್ಣು ಆಗಲೇ ಉಗ್ರಾಣದ ಬಾಗಿಲಿಗೆ ಹೋಗಿತ್ತು.

*

ಓಡೆಟ್‌ಗೆ ಹನ್ನೆರಡು ತುಂಬಿದ ವಸಂತದಲ್ಲಿ ಇದೇ ಮೇಜಿನ ಮೇಲೆ ಅಪ್ಪ ಅವಳಿಗೆ ಬಾಣ ಬರೆಯಲು ಕಲಿಸಿದ್ದ.

"ಅಮ್ಮ ಸಾರು ಮಾಡ್ತಾಳೆ, ಇದೊಂದು ಬಾಣ. ನೀನು ಬಟ್ಟಲು ತೊಳೀತೀಯ, ಇದೊಂದು. ಎರಡೂ ಬೇರೆ ಬೇರೆ ಕೆಲಸ, ಒಟ್ಟಿಗೇ ನಡೀಬಹುದು. ಆದರೆ ಬಟ್ಟಲು ತೊಳೀದೆ ಸಾರು ಬಡಿಸೋಕಾಗತ್ತಾ?"

"ಇಲ್ಲ."

"ಅದಕ್ಕೇ ಇಲ್ಲಿಂದ ಅಲ್ಲಿಗೆ ಒಂದು ಚುಕ್ಕೆ ಗೆರೆ. ಇದಕ್ಕೆ ಆಳು ಬೇಡ, ಹೊತ್ತು ಹಿಡಿಯಲ್ಲ. ಸೊನ್ನೆ ಗಂಟೆ. 'ತಾಳು' ಅಂತ ಹೇಳೋದಷ್ಟೇ ಇದರ ಕೆಲಸ."

"ಅದಕ್ಕೆ ಹುಸಿ ಬಾಣ ಅಂತ ಯಾಕೆ ಕರೀತಾರೆ?"

ಮೇಜಿನ ಆ ತುದಿಯಲ್ಲಿ ಅಣ್ಣನ ಪಾಲಿನ ಕಡುಬನ್ನೂ ತಿನ್ನುತ್ತಿದ್ದ ಕ್ಲೋವಿಸ್ ಚಿಕ್ಕಪ್ಪ ತಲೆ ಎತ್ತಿದ. ಗಿರಣಿಯಲ್ಲಿ ಅವನು ರಿಪೇರಿ ತಂಡದ ಮೇಸ್ತ್ರಿ. "ನಿಮ್ಮಪ್ಪನ ಕೋಣೇಲಿ ಕೆಲಸ ಮಾಡದೆ ಕೂತಿರೋರಿಗೆಲ್ಲ ಅದೇ ಹೆಸರು ಕಣಮ್ಮ."

ಒಮೆರ್ ಪೆನ್ಸಿಲ್ ಎಸೆದ. ಕ್ಲೋವಿಸ್ ಅದನ್ನು ಗಾಳಿಯಲ್ಲೇ ಹಿಡಿದ. ಆಗ ಅವನ ಕೈಗಳು ಅಷ್ಟು ಚುರುಕಾಗಿದ್ದವು.

ಆ ಜುಲೈಯಲ್ಲಿ ಗಿರಣಿ ನಿಂತಿತು. ಮರದ ಚೂರು ಬೇಯಿಸುವ ದೊಡ್ಡ ಕಡಾಯಿಗೆ ಬಿಸಿ ಕ್ಷಾರ ತರುವ ಕೊಳವೆಯ ಬಾಯಿ ಮುಚ್ಚುವುದು ಒಂದು ತಂಡದ ಕೆಲಸ. ಕಡಾಯಿಯೊಳಗೆ ಇಳಿದು ಜಾಲರಿ ಬದಲಿಸುವುದು ಕ್ಲೋವಿಸ್‌ನ ಕೆಲಸ. ಬೆಳಗ್ಗೆ ಆರಕ್ಕೆ ಎಲ್ಲರಿಗಿಂತ ಮುಂದೆ ಕ್ಲೋವಿಸ್ ಇಳಿದ. ಕೊಳವೆಯ ಬಾಯಿ ಇನ್ನೂ ಮುಚ್ಚಿರಲಿಲ್ಲ. ಬಂದ ಕ್ಷಾರ ಅವನ ಎರಡೂ ಕೈಗಳನ್ನು ಬೇಯಿಸಿತು.

ವಿಚಾರಣೆಯಲ್ಲಿ ನಕ್ಷೆ ಹರಡಿದರು. ಮುಚ್ಚುವ ಕೆಲಸದಿಂದ ಇಳಿಯುವ ಕೆಲಸಕ್ಕೆ ಚುಕ್ಕೆ ಗೆರೆ ಇತ್ತು. ತಾಳು ಎಂದು ಬರೆದಿದ್ದರೂ ತಾಳದೆ ಇಳಿದ ಮೇಸ್ತ್ರಿಯದೇ ತಪ್ಪು ಎಂದಾಯಿತು. ಕೈಗೆ ಬಟ್ಟೆ ಸುತ್ತಿಕೊಂಡು ಕೂತಿದ್ದ ಕ್ಲೋವಿಸ್ ಎದ್ದು, "ಅವತ್ತು ನನಗೆ ಕೊಟ್ಟ ಕಾಗದದಲ್ಲಿ ಈ ಗೆರೆ ಇರಲಿಲ್ಲ. ಹೇಳು ಒಮೆರ್," ಎಂದ.

ಒಮೆರ್ ಎಲ್ಲರ ಮುಂದೆ ಹೇಳಿದ: "ಗೆರೆ ಇತ್ತು."

ಕೆಲಸ ಹೋಯಿತು. ಕ್ಲೋವಿಸ್ ಹೊಳೆಯ ಆಚೆ ದಡಕ್ಕೆ, ಕೆನಡಾ ಸೀಮೆಗೆ, ಹೆಂಡತಿಯ ತವರಿಗೆ ಹೊರಟುಹೋದ. ಹೋಗುವಾಗ ಸೇತುವೆಯ ಹತ್ತಿರ ಹೇಳಿದ್ದು ಒಂದೇ ಮಾತು: "ಇರಲಿಲ್ಲ ಅಂತ ನೀನು ಹೇಳೋವರೆಗೂ ನಾನು ಇದನ್ನ ದಾಟಲ್ಲ."

*

ನಕ್ಷೆ ಸುತ್ತಿಡುವ ತಗಡಿನ ಕೊಳವೆ ಉಗ್ರಾಣದಲ್ಲಿ, ಹಿಟ್ಟಿನ ಪೀಪಾಯಿಯ ಹಿಂದೆ ಸಿಕ್ಕಿತು. ಓಡೆಟ್ ಮುಚ್ಚಳ ತಿರುಗಿಸಿದಳು. ಒಳಗಿದ್ದದ್ದು ಗಿರಣಿಯ ನೀಲಿ ಪ್ರತಿ, ಅಂಚು ಹಳದಿಯಾಗಿತ್ತು. ಹಾರ್ಲನ್ ಅದನ್ನು ಮೇಜಿನ ಮೇಲೆ ಹರಡಿದ.

ಮೂಲೆಯಲ್ಲಿ ಮುದ್ರೆ ಇತ್ತು: 12 ಜುಲೈ 1977, ಬೆಳಗ್ಗೆ 5.30. ಪಡೆದುಕೊಂಡವರು ಎನ್ನುವಲ್ಲಿ ಕ್ಲೋವಿಸ್‌ನ ಸಹಿ, ಪಕ್ಕದಲ್ಲಿ ಎಣ್ಣೆಯ ಹೆಬ್ಬೆಟ್ಟಿನ ಗುರುತು. ಕಡಾಯಿಯ ಎರಡು ಬಾಣಗಳು ಒಂದರ ಪಕ್ಕ ಒಂದು ಓಡುತ್ತಿದ್ದವು. ನಡುವೆ ಏನೂ ಇರಲಿಲ್ಲ.

ಬೆನ್ನಿಗೆ ಒಮೆರ್‌ನ ಅಕ್ಷರ: 'ಗೆರೆ ಇರಲಿಲ್ಲ. ಆಮೇಲೆ ನಾನು ಎಳೆದೆ.'

"ಕ್ಲೋವಿಸ್ ಆಸ್ಪತ್ರೇಲಿದ್ದಾಗ ಒಮೆರ್ ಇದೊಂದು ಬಿಟ್ಟು ಮಿಕ್ಕ ಪ್ರತಿಗಳನ್ನೆಲ್ಲ ಒಟ್ಟು ಮಾಡಿ ಸುಟ್ಟ," ಎಂದ ಹಾರ್ಲನ್ ನಿಧಾನವಾಗಿ. "ತಿದ್ದಿದ ಪ್ರತಿ ಬರತ್ತೆ, ಹಳೇದು ಇರಬಾರದು ಅಂದ. ನಾನೇ ನಾಲ್ಕು ತಂದುಕೊಟ್ಟೆ. ದೇವರೇ, ಯಾಕೆ ಅಂತ ಕೇಳಲೂ ಇಲ್ಲ ನಾನು."

"ನಿಮಗೆ ಗೊತ್ತಿತ್ತಾ ಅಮ್ಮ?"

ಲುಸೀಲ್ ಕುರ್ಚಿ ಎಳೆದು ಕೂತಳು. "ಹತ್ತು ವರ್ಷದಿಂದ. ಪೀಪಾಯಿ ಸರಿಸೋವಾಗ ಸಿಕ್ತು. ಕೇಳಿದೆ. ಅತ್ತುಬಿಟ್ರು. ಮತ್ತೆ ಕೇಳಲಿಲ್ಲ." ಕೈಚೀಲದ ಹಿಡಿಯನ್ನು ತಿರುಚಿದಳು. "ಇವತ್ತು ಗಿರಣಿ ಮಂದಿಯೆಲ್ಲ ಬರ್ತಾರೆ ಓಡೆಟ್. ನಿಮ್ಮಪ್ಪನಿಗಿರೋ ಹೆಸರು ಇದೊಂದೇ. ಲಪ್ಲಾಂತ್ ಗೆರೆ ಹಾಕಿದ್ರೆ ಕಲ್ಲಲ್ಲಿ ಕೊರೆದ ಹಾಗೆ ಅಂತಾರೆ. ನಾಳೆ ಕೊಡು. ನಾಡಿದ್ದು ಕೊಡು. ಇವತ್ತೊಂದು ದಿನ ಅವರನ್ನ ಚೆನ್ನಾಗಿ ಕಳಿಸೋಣ."

ಓಡೆಟ್‌ಗೆ ಅಪ್ಪನ ಮೇಲೆ ಸಿಟ್ಟು ಬಂತು. ಎಂಬತ್ತಮೂರು ದಿನ ಅತ್ತದ್ದಕ್ಕೂ ಸೇರಿಸಿ ಬಂತು. ಆದರೆ ಅಂತ್ಯಕ್ರಿಯೆಯ ಹಾಳೆಯ ಮೇಲಿನ ಚುಕ್ಕೆ ಗೆರೆಯನ್ನು ನೋಡಿದರೆ ಅದು ಸ್ಪಷ್ಟವಾಗಿತ್ತು, ಜ್ವರದ ಕೈಯದಾಗಿರಲಿಲ್ಲ. ಒಂದೊಂದು ತುಂಡೂ ಅಳತೆಗೆ ಸರಿಯಾಗಿತ್ತು.

"ನಾಳೆ ಅಂತ ಹಾಳೇಲಿ ಇಲ್ಲ ಅಮ್ಮ. ಇಳಿಸೋಕೆ ಮುಂಚೆ ಅಂತಿದೆ. ಮಾಮ, ಸುತ್ತು ಬಿದ್ದ ನಕ್ಷೇನ ಹೇಗೆ ಬಿಡಿಸ್ತಿದ್ರಿ?"

"ಒಂದು ಬಾಣ ಕಡೀಬೇಕು. ಬೇರೆ ದಾರಿ ಇಲ್ಲ."

"ಸರಿ. ಚಿಕ್ಕಪ್ಪ ಬಂದ ಮೇಲೆ ಕೊಡೋದು ಅನ್ನೋ ಬಾಣ ನಾನು ಕಡೀತೀನಿ." ಅಡುಗೆಯ ಏಪ್ರನ್ ಬಿಚ್ಚಿ ಕುರ್ಚಿಯ ಮೇಲೆ ಹಾಕಿದಳು. "ಪ್ಲಾಯ್ ನೀವು ನೋಡ್ಕೊಳ್ಳಿ. ತೂತು ಬಿದ್ದ ಮೇಲೆ ತೆಗೀಬೇಕು, ಮಗುಚಬಾರದು."

*

ಹತ್ತೊಂಬತ್ತರ ವಯಸ್ಸಿನಲ್ಲಿ ಓಡೆಟ್ ಕಾರು ಕಲಿಯುವಾಗ ಅಪ್ಪ ಪಕ್ಕದಲ್ಲಿ ಕೂತು, ಪ್ರತಿ ಭಾನುವಾರ ಸೇತುವೆಗೆ ಬಿಡು ಎನ್ನುತ್ತಿದ್ದ. ನಡುವೆ ಎರಡು ದೇಶಗಳ ಗಡಿಯ ಹಿತ್ತಾಳೆ ತಗಡಿತ್ತು. ಅಲ್ಲಿಗೆ ಬಂದ ಕೂಡಲೇ, "ನಿಲ್ಲಿಸು," ಎನ್ನುತ್ತಿದ್ದ.

ಇಳಿದು ಕಂಬಿ ಹಿಡಿದು ಆಚೆ ದಡ ನೋಡುತ್ತಿದ್ದ. ಅಲ್ಲಿ ಏರಿನ ಮೇಲೆ ಕ್ಲೋವಿಸ್‌ನ ಹಸಿರು ಮನೆ ಕಾಣುತ್ತಿತ್ತು.

"ಅವರ ಗಡಿಯಾರ ನಮಗಿಂತ ಒಂದು ಗಂಟೆ ಮುಂದೆ," ಎಂದಿದ್ದ ಒಂದು ಸಲ. "ಎಷ್ಟು ಬೇಗ ಹೊರಟರೂ ಈ ಕಡೆಯೋನು ತಡವಾಗೇ ಹೋಗಿರ್ತಾನೆ."

"ಹೋಗೋಣವಾ ಅಪ್ಪ?"

"ವಾಪಸ್ ತಿರುಗಿಸು. ತಿರುವು ಕಲೀಬೇಕಲ್ಲ ನೀನು."

ಸೇತುವೆಯ ಮೇಲೆ ಕಾರು ತಿರುಗಿಸುವುದನ್ನು ಅವಳು ಅಷ್ಟು ಚೆನ್ನಾಗಿ ಕಲಿತಳು. ಈಗ ಊರಿನ ಹಿಮ ಬಳಿಯುವ ದೊಡ್ಡ ಲಾರಿ ಓಡಿಸುವವಳು ಅವಳೇ.

*

ಗಡಿಯ ಕಟ್ಟೆಯ ಅಧಿಕಾರಿ ಕಿಟಕಿಗೆ ಬಗ್ಗಿದ. "ಏನು ಒಯ್ತಿದೀರಿ?"

"ಒಂದು ಕಾಗದ."

"ಕೊಡೋಕಾ, ಮಾರೋಕಾ?"

"ವಾಪಸ್ ಕೊಡೋಕೆ."

ಅವನು ಕಪ್ಪು ಉಡುಪು ನೋಡಿ ಕೈ ಬೀಸಿದ.

ಕ್ಲೋವಿಸ್ ಹಸಿರು ಮನೆಯ ಜಗಲಿಯಲ್ಲಿ ಕೂತಿದ್ದ. ಕ್ಷೌರ ಮಾಡಿಕೊಂಡಿದ್ದ. ಕರಿ ಕೋಟು, ಕರಿ ಟೈ, ಬೂಟಿಗೆ ಪಾಲಿಶ್. ಎದುರಿಗೆ ಹೊಳೆ, ಹೊಳೆಯಾಚೆ ಸೇಂಟ್ ಬ್ರೂನೊದ ಸ್ಮಶಾನ, ಅಲ್ಲಿ ಹೊಸದಾಗಿ ಅಗೆದ ಮಣ್ಣಿನ ಕಂದು ಗುಡ್ಡೆ ಕಾಣುತ್ತಿತ್ತು. ಬೆಳಗಿನಿಂದ ಇವನು ಹೀಗೇ ಕೂತಿದ್ದಾನೆ ಎಂದು ನೋಡಿದರೇ ಗೊತ್ತಾಗುತ್ತಿತ್ತು. ಓಡೆಟ್ ಜಗಲಿ ಹತ್ತಿದಳು.

"ಎಷ್ಟು ದೊಡ್ಡವಳಾಗಿದೀಯ," ಎಂದ. ಆಮೇಲೆ, "ಕರೆಯೋಕೆ ಬಂದಿದ್ರೆ ಸುಮ್ಮನೆ ಪೆಟ್ರೋಲ್ ಸುಟ್ಟೆ ಕಣೆ."

"ಕರೆಯೋಕೆ ಬಂದಿಲ್ಲ ಚಿಕ್ಕಪ್ಪ. ಹೇಳೋಕೆ ಬಂದಿದೀನಿ. ಗೆರೆ ಇರಲಿಲ್ಲ."

ಅವಳು ನೀಲಿ ಪ್ರತಿಯನ್ನು ಅವನ ಮೊಣಕಾಲ ಮೇಲೆ ಹರಡಿದಳು. ಅವನ ಬೆರಳುಗಳು ಒಳಕ್ಕೆ ಮಡಚಿಕೊಂಡಿದ್ದವು, ಚರ್ಮ ನುಣ್ಣಗೆ ಹೊಳೆಯುತ್ತಿತ್ತು. ಎರಡು ಬಾಣಗಳ ನಡುವಿನ ಖಾಲಿ ಜಾಗವನ್ನು ಅವನು ಹೆಚ್ಚು ಹೊತ್ತು ನೋಡಲಿಲ್ಲ. ಅದು ಅವನಿಗೆ ಗೊತ್ತಿದ್ದದ್ದೇ. ನೋಡಿದ್ದು ಮೂಲೆಯ ಸಹಿಯನ್ನು.

"ನನ್ನ ಕೈಬರಹ," ಎಂದ. "ಎಷ್ಟು ಚೆನ್ನಾಗಿತ್ತು ನೋಡು."

ಕಾಗದ ತಿರುವಿ ಬೆನ್ನಿನ ಸಾಲು ಓದಿದ. ಮತ್ತೆ ಓದಿದ. ಹೊಳೆಯ ಮೇಲಿಂದ ತಣ್ಣನೆ ಗಾಳಿ ಬಂದು ಕಾಗದದ ಅಂಚು ಎತ್ತಿತು.

"ಕತ್ತೆ," ಎಂದ ಕ್ಲೋವಿಸ್. ಕಣ್ಣು ತುಂಬಿತ್ತು. "ಅರ್ಧ ಸೇತುವೆಗೆ ಬಂದು ನಿಂತ್ಕೋತಿದ್ದ. ಇಲ್ಲಿಂದ ಕಾಣ್ತಿತ್ತು. ಇನ್ನರ್ಧ ದಾಟೋಕೆ ಏನಾಗಿತ್ತು ಅವನಿಗೆ? ಬಂದಿದ್ರೆ ಎರಡೇಟು ಕೊಟ್ಟು ಊಟಕ್ಕೆ ಕೂರಿಸ್ತಿದ್ದೆ."

"ಈಗ ಬನ್ನಿ."

"ಇಲ್ಲ." ದನಿ ಗಟ್ಟಿಯಾಯಿತು. "ನನ್ನ ಜಗಲೀಲಿ ಹೇಳಿದ್ರೆ ಸಾಲದಮ್ಮ. ಅವತ್ತು 'ಇತ್ತು' ಅಂದಿದ್ದು ಎಲ್ಲರ ಮುಂದೆ. ಇರಲಿಲ್ಲ ಅನ್ನೋದೂ ಎಲ್ಲರ ಮುಂದೆ ಆಗಬೇಕು. ಆಗತ್ತಾ ನಿನ್ನ ಕೈಲಿ? ನಿಮ್ಮಪ್ಪನ ಪೆಟ್ಟಿಗೆ ಎದುರಿಗೆ?"

ಓಡೆಟ್ ಅಮ್ಮನ ಕೈಚೀಲವನ್ನು ನೆನೆದಳು. ಅಪ್ಪನ ಗೆರೆಯ ಅಳತೆಯ ತುಂಡುಗಳನ್ನು ನೆನೆದಳು.

"ಆಗತ್ತೆ."

ಕ್ಲೋವಿಸ್ ಬಾಗಿಲೊಳಗಿನ ಗೋಡೆ ಗಡಿಯಾರದ ಕಡೆ ತಿರುಗಿದ. "ಒಂದೂಮುಕ್ಕಾಲು. ಇನ್ನೇನು ಹೊತ್ತಾಯ್ತಲ್ಲ."

"ಅದು ನಿಮ್ಮ ಹೊತ್ತು. ನಮ್ಮ ಕಡೆ ಇನ್ನೂ ಹನ್ನೆರಡೂಮುಕ್ಕಾಲು. ಈ ಕಡೆಯಿಂದ ಬರೋರಿಗೆ ಒಂದು ಗಂಟೆ ಉಳಿಯತ್ತೆ ಚಿಕ್ಕಪ್ಪ."

ಅವನು ಕಾಗದವನ್ನು ಮಡಚಲು ಹೋದ; ಮುದುಡಿದ ಬೆರಳು ಬಿಚ್ಚಲಿಲ್ಲ. ಅವಳು ಮಡಚಿ ಅವನ ಕೋಟಿನ ಒಳಜೇಬಿಗೆ ಇಟ್ಟಳು.

*

ಸ್ಮಶಾನದಲ್ಲಿ ಮರದ ನೆರಳಿದ್ದಲ್ಲಿ ಇನ್ನೂ ಮುಷ್ಟಿಯಷ್ಟು ಹಿಮ ಉಳಿದಿತ್ತು. ಗಿರಣಿಯ ಮುದುಕರು ಟೋಪಿ ತೆಗೆದು ನಿಂತಿದ್ದರು. ಕಾರಿನಿಂದ ಕ್ಲೋವಿಸ್ ಇಳಿದದ್ದನ್ನು ಕಂಡು ಒಬ್ಬ ಇನ್ನೊಬ್ಬನ ಪಕ್ಕೆ ತಿವಿದ.

"ಇವನು ಬಂದಿದಾನೋ!"

"ಬೈಯೋಕೆ ಬಂದಿರ್ತಾನೆ, ನೋಡ್ತಿರು."

ಕ್ಲೋವಿಸ್ ಯಾರನ್ನೂ ಬೈಯಲಿಲ್ಲ. ಎಲ್ಲರ ಹಿಂದೆ ಹೋಗಿ ನಿಂತ. ಮುಂದಿನ ಸಾಲಿನ ಮಡಚು ಕುರ್ಚಿಯಲ್ಲಿ ಲುಸೀಲ್ ಕೂತಿದ್ದಳು. ಪಕ್ಕದ ಕುರ್ಚಿಯ ಮೇಲೆ ಅವಳ ಕೈಚೀಲವಿತ್ತು. ಅವಳು ತಿರುಗಿ ನೋಡಲಿಲ್ಲ.

ಪಾದ್ರಿಯ ಪ್ರಾರ್ಥನೆ ಮುಗಿಯಿತು. ಪೆಟ್ಟಿಗೆ ಇಳಿಸುವ ನಾಲ್ವರು ಪಟ್ಟಿಗಳನ್ನು ಕೈಗೆ ತೆಗೆದುಕೊಂಡರು. ಓಡೆಟ್ ಎರಡು ಹೆಜ್ಜೆ ಮುಂದೆ ಬಂದಳು. ಹಿಮದ ಲಾರಿ ಓಡಿಸಿ ಗಟ್ಟಿಯಾದ ಅವಳ ದನಿ ಇವತ್ತು ನಡುಗುತ್ತಿತ್ತು. ನಡುಗಲಿ ಎಂದು ಬಿಟ್ಟು ಮಾತಾಡಿದಳು.

"ಇಲ್ಲಿರೋರಲ್ಲಿ ತುಂಬ ಜನ ಎಪ್ಪತ್ತೇಳರ ವಿಚಾರಣೆಗೆ ಬಂದಿದ್ರಿ. ಕಡಾಯಿ ಕೆಲಸದ ನಕ್ಷೇಲಿ ಗೆರೆ ಇತ್ತು ಅಂತ ಅಪ್ಪ ಹೇಳಿದ್ರು. ಇರಲಿಲ್ಲ. ಹಾಕೋದು ಮರೆತಿದ್ರು. ಚಿಕ್ಕಪ್ಪನ ಕೈ ಸುಟ್ಟ ಮೇಲೆ ಹಾಕಿದ್ರು. ಚಿಕ್ಕಪ್ಪ ಕಾಗದದಲ್ಲಿ ಇದ್ದ ಹಾಗೇ ಕೆಲಸ ಮಾಡಿದ್ರು. ಇದನ್ನ ಅಪ್ಪ ತಮ್ಮ ಕೈಯಾರೆ ಬರೆದಿಟ್ಟಿದಾರೆ. ಬಾಯಲ್ಲಿ ಹೇಳೋಕೆ ಆಗಲಿಲ್ಲ ಅವರಿಗೆ. ಅದಕ್ಕೆ ನಾನು ಹೇಳ್ತಿದೀನಿ."

ದೂರದಲ್ಲಿ ಗಿರಣಿಯ ಚಿಮಣಿ ಎಂದಿನಂತೆ ಹೊಗೆ ಬಿಡುತ್ತಿತ್ತು. ಮುದುಕರ ಮುಖಗಳು ಒಂದೊಂದಾಗಿ ಹಿಂದಕ್ಕೆ ತಿರುಗಿ ಕ್ಲೋವಿಸ್‌ನನ್ನು ನೋಡಿದವು. ಬೈಯೋಕೆ ಬಂದಿರ್ತಾನೆ ಎಂದವನು ನೆಲ ನೋಡುತ್ತ ಅವನಿಗೆ ದಾರಿ ಬಿಟ್ಟ.

ಲುಸೀಲ್ ಮಗಳ ಕಡೆ ತಿರುಗಿದಳು. ಆಮೇಲೆ ಪಕ್ಕದ ಕುರ್ಚಿಯ ಮೇಲಿದ್ದ ಕೈಚೀಲವನ್ನು ತೆಗೆದು ತನ್ನ ಕಾಲ ಬಳಿ ಇಟ್ಟುಕೊಂಡಳು.

ಕ್ಲೋವಿಸ್ ಕೂರಲಿಲ್ಲ. ಆ ಕುರ್ಚಿಯ ಬೆನ್ನು ಮುಟ್ಟಿ, ಅತ್ತಿಗೆಯ ಕಡೆ ತಲೆ ಬಗ್ಗಿಸಿ, ಪೆಟ್ಟಿಗೆಯ ಹತ್ತಿರ ಹೋದ. ಹಾರ್ಲನ್ ಅಲ್ಲಿ ಆಗಲೇ ಹಾಳೆ ಹರಡಿ ನಿಂತಿದ್ದ, ಪೆಟ್ಟಿಗೆಯ ಮುಚ್ಚಳದ ಮೇಲೆ. ಅಲ್ಲಿಯವರೆಗಿನ ಬಾಣಗಳೆಲ್ಲ ಕೆಂಪಾಗಿದ್ದವು. ಕಡಿದ ಬಾಣದ ಮೇಲೆ ಎರಡು ಅಡ್ಡ ಗೀಟು ಬಿದ್ದಿತ್ತು. ಚುಕ್ಕೆ ಗೆರೆಯೊಂದು ಉಳಿದಿತ್ತು.

"ಇದು ನಿಂದು," ಎಂದು ಹಾರ್ಲನ್ ಪೆನ್ಸಿಲ್ ಕೊಟ್ಟ.

ಕ್ಲೋವಿಸ್ ಅದನ್ನು ಎರಡೂ ಕೈಗಳ ನಡುವೆ ಒತ್ತಿ ಹಿಡಿದ. ಗೆರೆಯಲ್ಲಿ ಒಂಬತ್ತು ತುಂಡುಗಳಿದ್ದವು. ಮೊದಲನೆಯದನ್ನು ಕೆಂಪು ಮಾಡಿದ. ಪೆನ್ಸಿಲ್ ಜಾರಿತು; ಮತ್ತೆ ಹಿಡಿದು ಎರಡನೆಯದಕ್ಕೆ ಹೋದ. ಒಂದು ತುಂಡೂ ಅಂಚು ದಾಟದ ಹಾಗೆ, ನಾಲಿಗೆ ಕಚ್ಚಿಕೊಂಡು, ಮೂರನೆಯದು. ಪಟ್ಟಿ ಹಿಡಿದ ನಾಲ್ವರಲ್ಲಿ ಒಬ್ಬ ನಿಂತು ಸಾಕಾಗಿ ಕಾಲು ಬದಲಿಸಿ, ಗಡಿಯಾರ ನೋಡಿಕೊಂಡ.

"ತಾಳು," ಎಂದಳು ಓಡೆಟ್.